ಊರ ಹೆಸರಿಗೆ ಬೆಲೆ ಉಂಟು, ಊರ ರೈತನಿಗೆ ಇಲ್ಲವೆ?



ವೈನ್ ವಿಚಾರ ನಮ್ಮ ಪತ್ರಿಕೆಯಲ್ಲಿ ಯಾಕಪ್ಪಾ ಬಂತು ಅಂತ ನೀವು ಕೇಳಬಹುದು. ಕೇಳಲೇಬೇಕು. ಕುಡಿತದಿಂದ ಮನೆ ಹಾಳಾದ ಊರುಗಳು ನಮ್ಮವು. ನಮ್ಮ ತಾಯಂದಿರು, ಅಕ್ಕತಂಗಿಯರು ಪೊರಕೆ ಹಿಡಿದು ಸಾರಾಯಿ ಅಂಗಡಿ ಮುಚ್ಚಿಸಿದವರು. ಕುಡಿಯಿರಿ ಅಂತ ನಾನು ಬರೆಯುತ್ತಿಲ್ಲ. ನಾನು ಬರೆಯುತ್ತಿರುವುದು ದ್ರಾಕ್ಷಿಯ ಬೆಲೆ, ಊರಿನ ಹೆಸರು, ರೈತನ ತಲೆ ಮೇಲೆ ಬರುವ ಸಾಲ, ಈ ಮೂರರ ವಿಚಾರ.

ಕಳೆದ ಬೇಸಿಗೆಯಲ್ಲಿ ನಡೆದದ್ದು ಹೇಳುತ್ತೇನೆ. ಶಿವನಸಮುದ್ರದ ಹತ್ತಿರ ನಮ್ಮ ಹಳ್ಳಿಗೆ ಒಂದು ಕಾರಿನಲ್ಲಿ ಇಬ್ಬರು ಬಂದರು. ಅರಳಿಕಟ್ಟೆ ಮೇಲೆ ಕೂತು ಬಹಳ ಮರ್ಯಾದೆಯಿಂದ ಮಾತಾಡಿದರು. "ಕಬ್ಬಿನಲ್ಲಿ ಏನಿದೆ ಯಜಮಾನ್ರೇ? ನೀರು ಜಾಸ್ತಿ, ದುಡ್ಡು ಕಮ್ಮಿ. ವೈನ್ ದ್ರಾಕ್ಷಿ ಹಾಕಿ. ಹನಿ ನೀರಾವರಿ ಸಾಕು. ಬ್ಯಾಂಕಿನ ಸಾಲ ನಾವೇ ಮಾಡಿಸಿಕೊಡ್ತೀವಿ, ಹಣ್ಣು ನಾವೇ ತಗೋತೀವಿ. ಈ ಜಲಪಾತದ ಹೆಸರಿನಲ್ಲೇ ವೈನ್ ತರ್ತೀವಿ. ನಿಮ್ಮೂರು ಪರದೇಶಕ್ಕೆಲ್ಲ ಗೊತ್ತಾಗುತ್ತೆ" ಅಂದರು.

ನಮ್ಮ ಕಟ್ಟೆ ಮೇಲಿದ್ದ ಒಬ್ಬ ಹುಡುಗ ಕೇಳಿದ, "ಕೇಜಿಗೆ ಎಷ್ಟು ಕೊಡ್ತೀರಿ ಸ್ವಾಮಿ?" ಅಂತ. "ಅದು ಆವಾಗಿನ ಕ್ವಾಲಿಟಿ ನೋಡಿ" ಅಂದರು. ನಾನು ಕೇಳಿದೆ, "ನಮ್ಮೂರ ಹೆಸರು ಯಾರ ಹೆಸರಲ್ಲಿ ರಿಜಿಸ್ಟ್ರಿ ಆಗುತ್ತೆ?" ಅಂತ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದು ಬ್ರ್ಯಾಂಡು. ಕಂಪನಿಯದ್ದೇ ಇರುತ್ತೆ" ಅಂದರು. ಅಷ್ಟೇ. ಈಗ ನನ್ನ ಸೋದರತ್ತೆ ಮಗನೇ ಎರಡು ಎಕರೆ ಬರೆದುಕೊಡಲು ಓಡಾಡುತ್ತಿದ್ದಾನೆ. ಕಬ್ಬಿನ ಬಾಕಿ, ಸೊಸೈಟಿ ಸಾಲ ಎರಡೂ ಅವನ ಕುತ್ತಿಗೆಗೆ ಬಂದಿವೆ. ಅವನ ಕಷ್ಟ ನನಗೆ ಗೊತ್ತಿದೆ. ಆದ್ದರಿಂದಲೇ ಈ ನಾಲ್ಕು ಮಾತು.

ನಮ್ಮೂರಿಗೆ ಇದು ಹೊಸ ಪಾಠವೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯನ್ನು ಕೊಳವೆಗೆ ಇಳಿಸಿ ವಿದ್ಯುತ್ ತೆಗೆದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೊರಟ ಯೋಜನೆ ಅದು. ಆ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿ ನಮ್ಮ ಹೊಲದ ಮೇಲೆ ಹಾದು ಹೋಗುತ್ತಿತ್ತು, ಕೆಳಗೆ ನಮ್ಮ ಅಜ್ಜಂದಿರು ಬುಡ್ಡಿ ದೀಪದಲ್ಲಿ ರಾಗಿಮುದ್ದೆ ಉಣ್ಣುತ್ತಿದ್ದರು. ಶಿವನಸಮುದ್ರದ ಹೆಸರು ಚರಿತ್ರೆ ಪುಸ್ತಕಕ್ಕೆ ಹೋಯಿತು, ಬೆಳಕು ಬೇರೆ ಊರಿಗೆ ಹೋಯಿತು. ಈಗ ಅದೇ ಹೆಸರನ್ನು ಬಾಟಲಿಗೆ ಅಂಟಿಸಲು ಬಂದಿದ್ದಾರೆ. ಈ ಸಾರಿಯಾದರೂ ಮೊದಲೇ ಕೇಳೋಣ: ಹೆಸರು ಯಾರದು? ಬೆಲೆ ಯಾರಿಗೆ?

ನಾಲ್ಕೂವರೆ ಎಕರೆಯ ಹೆಸರು

ವೈನ್ ವ್ಯಾಪಾರದಲ್ಲಿ ಊರಿನ ಹೆಸರೇ ಬಂಡವಾಳ. ಇದನ್ನು ಮೊದಲು ತಿಳಿದುಕೊಳ್ಳಬೇಕು. ಫ್ರಾನ್ಸ್ ದೇಶದ ಬರ್ಗಂಡಿ ಸೀಮೆಯಲ್ಲಿ ರೊಮಾನೆ ಕೊಂಟಿ ಅಂತ ಒಂದು ದ್ರಾಕ್ಷಿ ತೋಟ ಇದೆ. ವಿಸ್ತೀರ್ಣ ಎಷ್ಟು ಗೊತ್ತೇ? ಸುಮಾರು ನಾಲ್ಕೂವರೆ ಎಕರೆ. ನಮ್ಮಲ್ಲಿ ಮಧ್ಯಮ ರೈತನ ಹಿಡುವಳಿ. ವರ್ಷಕ್ಕೆ ಐದಾರು ಸಾವಿರ ಬಾಟಲಿ ಬಂದರೆ ಹೆಚ್ಚು. 2018ರಲ್ಲಿ ಆ ತೋಟದ 1945ನೇ ವರ್ಷದ ಒಂದೇ ಒಂದು ಬಾಟಲಿ ನ್ಯೂಯಾರ್ಕಿನ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ನಮ್ಮ ದುಡ್ಡಿನಲ್ಲಿ ಆಗಿನ ಲೆಕ್ಕಕ್ಕೆ ನಾಲ್ಕು ಕೋಟಿ ರೂಪಾಯಿ. ಅದು ಹುಚ್ಚರ ಬೆಲೆ, ಅದನ್ನು ನಂಬಿ ಯಾರೂ ಗದ್ದೆ ಕೀಳಬೇಡಿ. ಆದರೆ ಅದರ ಹಿಂದಿನ ಕಟ್ಟುಪಾಡು ನೋಡಿ.

ಅಲ್ಲಿ ಊರಿನ ಹೆಸರು ಬಾಟಲಿ ಮೇಲೆ ಬರಬೇಕಾದರೆ ಹಣ್ಣು ಆ ಎಲ್ಲೆಯೊಳಗೇ ಬೆಳೆದಿರಬೇಕು. ಯಾವ ತಳಿ ಹಾಕಬೇಕು, ಎಕರೆಗೆ ಎಷ್ಟಕ್ಕಿಂತ ಹೆಚ್ಚು ಇಳುವರಿ ತೆಗೆಯಬಾರದು, ಹೇಗೆ ಹುಳಿಸಬೇಕು, ಎಲ್ಲಕ್ಕೂ ಕಾನೂನು ಇದೆ. ಕೇಳಿದಿರಾ? ಹೆಚ್ಚು ಬೆಳೆಯಬಾರದು ಅಂತ ಕಾನೂನು! ನಮಗೆ ಜೀವಮಾನವೆಲ್ಲಾ ಹೇಳಿಕೊಟ್ಟಿದ್ದು ಇನ್ನಷ್ಟು ಬೆಳೆ, ಇನ್ನಷ್ಟು ಗೊಬ್ಬರ ಹಾಕು, ಇನ್ನಷ್ಟು ಟನ್ನು ತೆಗಿ ಅಂತ. ಬೆಳೆದೆವು. ಮಾರುಕಟ್ಟೆ ತುಂಬಿತು, ಬೆಲೆ ಬಿತ್ತು. ಅಲ್ಲಿ ಕಡಿಮೆ ಬೆಳೆ, ರುಚಿ ಗಟ್ಟಿ ಮಾಡು, ಹೆಸರು ಕಾಪಾಡು ಅನ್ನುವುದು ಪದ್ಧತಿ. ಗೊಂಚಲು ಕಡಿಮೆಯಾದರೆ ಉಳಿದ ಹಣ್ಣಿಗೆ ಸತ್ವ ಹೆಚ್ಚು ಅನ್ನುವುದು ನಮಗೂ ಗೊತ್ತಿರುವ ಮಾತೇ. ಮಾವಿನ ಮರ ನೋಡಿದವರಿಗೆ ಬೇರೆ ಹೇಳಬೇಕೇ?

ಅಲ್ಲಿನ ರೈತನಿಗೆ ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ

ಫ್ರಾನ್ಸ್ ಅಂದರೆ ಶ್ರೀಮಂತರ ದೇಶ, ಅವರ ಕಥೆ ನಮಗೇಕೆ ಅನ್ನಬೇಡಿ. ಈ ಕಾನೂನು ಬಂದದ್ದು ರೈತರ ಬೀದಿ ಹೋರಾಟದಿಂದ.

ಆ ದೇಶದ ದಕ್ಷಿಣಕ್ಕೆ ಲಾಂಗ್ದಾಕ್ ಅಂತ ಒಂದು ಸೀಮೆ. ಅಲ್ಲಿ ದ್ರಾಕ್ಷಿಯೇ ಬದುಕು, ನಮ್ಮ ಮಂಡ್ಯಕ್ಕೆ ಕಬ್ಬು ಇದ್ದ ಹಾಗೆ. 1900ರ ನಂತರ ವೈನಿನ ಬೆಲೆ ನೆಲ ಕಚ್ಚಿತು. ಹೊರಗಿನಿಂದ ಅಗ್ಗದ ವೈನ್ ಬರುತ್ತಿತ್ತು. ಅದರ ಮೇಲೆ ವ್ಯಾಪಾರಿಗಳು ನೀರು, ಸಕ್ಕರೆ ಬೆರೆಸಿ ವೈನ್ ಅಂತ ಮಾರುತ್ತಿದ್ದರು. ನಿಜವಾದ ದ್ರಾಕ್ಷಿ ಬೆಳೆದವನ ಪೀಪಾಯಿ ಮನೆಯಲ್ಲೇ ಉಳಿಯಿತು, ಸಾಲ ಬೆಳೆಯಿತು. 1907ರ ಮಾರ್ಚ್ 11ರಂದು ಆರ್ಜೆಲಿಯೆ ಅನ್ನುವ ಒಂದು ಸಣ್ಣ ಹಳ್ಳಿಯಿಂದ 87 ಜನ ಬೆಳೆಗಾರರು ಮೆರವಣಿಗೆ ಹೊರಟರು. ಮುಂದಾಳು ಮಾರ್ಸೆಲಾಂ ಆಲ್ಬೇರ್, ದ್ರಾಕ್ಷಿ ಬೆಳೆಯುತ್ತಿದ್ದ, ಹಳ್ಳಿಯಲ್ಲಿ ಕಾಫಿ ಅಂಗಡಿ ಇಟ್ಟಿದ್ದ ಮನುಷ್ಯ. ಭಾನುವಾರ ಭಾನುವಾರ ಒಂದೊಂದು ಊರಿನಲ್ಲಿ ಸಭೆ. ಜೂನ್ 9ರ ಹೊತ್ತಿಗೆ ಮೋಂಪೆಲಿಯೆ ನಗರದಲ್ಲಿ ಐದು ಲಕ್ಷಕ್ಕೂ ಮೀರಿ ಜನ ಸೇರಿದರು. ತೆರಿಗೆ ಕಟ್ಟುವುದಿಲ್ಲ ಅಂದರು. ನೂರಾರು ಊರಿನ ಮೇಯರುಗಳು ರಾಜೀನಾಮೆ ಬಿಸಾಕಿದರು. ಸರ್ಕಾರ ಸೈನ್ಯ ಕಳಿಸಿತು. ನಾರ್ಬೋನ್ ಪಟ್ಟಣದಲ್ಲಿ ಗುಂಡು ಹಾರಿತು, ಜನ ಸತ್ತರು. ಆಗ ಹದಿನೇಳನೇ ರೆಜಿಮೆಂಟಿನ ಸಿಪಾಯಿಗಳು, ಬಹುಪಾಲು ಅದೇ ಬೆಳೆಗಾರರ ಮಕ್ಕಳು, ಅಪ್ಪಂದಿರ ಮೇಲೆ ಗುಂಡು ಹಾರಿಸಲ್ಲ ಅಂತ ದಂಗೆ ಎದ್ದರು. ಜೂನ್ 29ಕ್ಕೆ ಕಲಬೆರಕೆ ವಿರುದ್ಧ ಕಾನೂನು ಬಂತು.

ಇದನ್ನು ಓದಿದಾಗ ನನಗೆ 1980ರ ನರಗುಂದ, ನವಲಗುಂದ ಜ್ಞಾಪಕಕ್ಕೆ ಬಂತು. ನಿಮಗೂ ಬಂದಿರಬೇಕು. ಅಲ್ಲೂ ತೆರಿಗೆ, ಅಲ್ಲೂ ಗುಂಡು.

ಇನ್ನು ಶಾಂಪೇನ್ ಸೀಮೆ. ಮದುವೆಯಲ್ಲಿ, ಕ್ರಿಕೆಟ್ ಗೆದ್ದಾಗ ನೊರೆ ಹಾರಿಸುತ್ತಾರಲ್ಲ, ಆ ವೈನಿನ ಊರು. ಅಲ್ಲಿ ದೊಡ್ಡ ವ್ಯಾಪಾರಿ ಮನೆಗಳು ದೂರದ ಊರಿನಿಂದ ಅಗ್ಗದ ದ್ರಾಕ್ಷಿ ತರಿಸಿ ಶಾಂಪೇನ್ ಅಂತ ಮಾರಿದವು. ಸ್ಥಳೀಯ ಬೆಳೆಗಾರನ ಹಣ್ಣಿಗೆ ಬೆಲೆ ಇಲ್ಲ. 1911ರಲ್ಲಿ ರೈತರು ರೊಚ್ಚಿಗೆದ್ದು ಅಂಥವರ ವೈನನ್ನು ಮಾರ್ನ್ ನದಿಗೆ ಚೆಲ್ಲಿದರು, ಆಯ್ ಎಂಬ ಪಟ್ಟಣದಲ್ಲಿ ಉಗ್ರಾಣಗಳಿಗೆ ಬೆಂಕಿ ಬಿತ್ತು. ಬೆಂಕಿಯನ್ನು ನಾನು ಒಪ್ಪುವವನಲ್ಲ. ಆದರೆ ಬೆಂಕಿ ಯಾಕೆ ಬಿತ್ತು ಅಂತ ಕೇಳಬೇಕಲ್ಲ? ಇನ್ನೊಂದು ವಿಚಾರ ಗಮನಿಸಿ. 1908ರಲ್ಲಿ ಸರ್ಕಾರ ಶಾಂಪೇನ್ ಸೀಮೆಗೆ ಗೆರೆ ಎಳೆದಾಗ ಓಬ್ ಎನ್ನುವ ಜಿಲ್ಲೆಯ ರೈತರು ಹೊರಗೆ ಉಳಿದರು. ತಲೆಮಾರಿನಿಂದ ಅದೇ ಹಣ್ಣು ಬೆಳೆದವರು ಒಂದು ಗೆರೆಯಿಂದ ಪರಕೀಯರಾದರು. ಅವರೂ ಬೀದಿಗೆ ಬಂದರು. 1927ರ ಕಾನೂನಿನಲ್ಲಿ ಅವರನ್ನು ಒಳಗೆ ಸೇರಿಸಿಕೊಳ್ಳಬೇಕಾಯಿತು. ಹಾಗಾಗಿ ಹೆಸರು ಬೇಕು ಅನ್ನುವುದರ ಜೊತೆಗೆ ಗೆರೆ ಎಳೆಯುವಾಗ ರೈತ ಅಲ್ಲಿ ಇರಬೇಕು ಅನ್ನುವುದೂ ಪಾಠ.

1935ರಲ್ಲಿ ಇಡೀ ದೇಶಕ್ಕೆ ಊರ ಹೆಸರಿನ ಕಾನೂನು ಗಟ್ಟಿಯಾಯಿತು. 1941ರಲ್ಲಿ ಶಾಂಪೇನಿಗೆ ಒಂದು ಸಮಿತಿ ಆಯಿತು. ಅದರಲ್ಲಿ ಬೆಳೆಗಾರರು ಒಂದು ಕಡೆ, ವ್ಯಾಪಾರಿ ಮನೆಗಳು ಒಂದು ಕಡೆ, ಇಬ್ಬರದೂ ಸಮ ಪಾಲು. ನಮ್ಮ ಯಾವ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನವನಿಗೆ ಸಮನಾದ ಕುರ್ಚಿ ಇದೆ ಹೇಳಿ ನೋಡೋಣ.

ಹೆಸರೊಂದೇ ಕಾಪಾಡುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಧ ಸತ್ಯ ಆಗುತ್ತದೆ. ನಾವು ಅಡಿಕೆಗೆ, ತೆಂಗಿಗೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಆ ಬೋರ್ಡೋ ಅನ್ನುವುದೇ ಒಂದು ದೊಡ್ಡ ವೈನ್ ಸೀಮೆಯ ಹೆಸರು. ಅಲ್ಲಿನ ದ್ರಾಕ್ಷಿಯ ಬೂಜು ರೋಗಕ್ಕೆ 1880ರ ದಶಕದಲ್ಲಿ ಕಂಡುಹಿಡಿದ ಔಷಧಿ ಅದು. ಅಷ್ಟು ಹೆಸರಿದ್ದ ಬೋರ್ಡೋದಲ್ಲಿ 2023ರಲ್ಲಿ ಸರ್ಕಾರವೇ ಹೆಕ್ಟೇರಿಗೆ 6,000 ಯೂರೋ ಕೊಟ್ಟು ದ್ರಾಕ್ಷಿ ಗಿಡ ಕೀಳಿಸಲು ಹೊರಟಿತು. ಬೆಳೆದದ್ದು ಹೆಚ್ಚು, ಕುಡಿಯುವವರು ಕಡಿಮೆ. ಹೆಸರೂ ಬೇಕು, ಅಳತೆಯೂ ಬೇಕು.

ನಮ್ಮ ದ್ರಾಕ್ಷಿ, ಪರರ ಹೆಸರು

ಈಗ ನಮ್ಮ ರಾಜ್ಯಕ್ಕೆ ಬನ್ನಿ. ನಂದಿಬೆಟ್ಟದ ಸುತ್ತ, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ನೂರು ವರ್ಷಕ್ಕೂ ಹಿಂದಿನಿಂದ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತಾರೆ. ಕಪ್ಪು ಸಿಪ್ಪೆ, ಬೀಜ ಇರುವ ಹಣ್ಣು, ಅದರ ಘಮಲೇ ಬೇರೆ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿತು. ಒಳ್ಳೆಯದೇ. ಆದರೆ ಆ ಹಣ್ಣಿನಿಂದ ಮಾಡಿದ ಸಿಹಿ ವೈನ್ ಅಂಗಡಿಯಲ್ಲಿ ಯಾವ ಹೆಸರಿನಲ್ಲಿ ಹೋಯಿತು? ಪೋರ್ಟ್ ಅಂತ. ಪೋರ್ಟ್ ಅನ್ನುವುದು ಪೋರ್ಚುಗಲ್ ದೇಶದ ಒಂದು ಊರಿನ ಹೆಸರಿನಿಂದ ಬಂದದ್ದು. ಆ ಸೀಮೆಗೆ 1756ರಲ್ಲೇ ಅಲ್ಲಿನ ಸರ್ಕಾರ ಎಲ್ಲೆ ಕಟ್ಟಿತ್ತು. ನಮ್ಮ ಮಣ್ಣು, ನಮ್ಮ ಹಣ್ಣು, ನಮ್ಮ ಬೆವರು, ಹೆಸರು ಮಾತ್ರ ಪೋರ್ಚುಗಲ್ಲಿನದು! ಹಣ್ಣು ಬೆಳೆದವನಿಗೆ ಸಿಕ್ಕಿದ್ದು ಆ ದಿನದ ಕೇಜಿ ಲೆಕ್ಕದ ಕಾಸು.

1988ರಲ್ಲಿ ನಂದಿಯ ಬುಡದಲ್ಲಿ ಒಂದು ಕಂಪನಿ ಫ್ರೆಂಚ್ ತಳಿಯ ದ್ರಾಕ್ಷಿ ಹಾಕಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಅಂತ ಸೀಮೆಗಳ ಹೆಸರು ಕೇಳಿಬರತೊಡಗಿತು. ಹಂಪಿ ಕಡೆಯೂ ತೋಟಗಳಾದವು, ನಮ್ಮ ಪಕ್ಕದ ಮೈಸೂರು ಜಿಲ್ಲೆಯಲ್ಲಿ ಕಾವೇರಿ ದಡದಲ್ಲೂ ವೈನ್ ದ್ರಾಕ್ಷಿ ಬಂತು. ಒಳ್ಳೆಯ ವೈನ್ ಮಾಡುತ್ತಾರೆ, ಪ್ರಶಸ್ತಿ ತರುತ್ತಾರೆ ಅಂತ ಕೇಳಿದ್ದೇನೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ. ನನ್ನ ಪ್ರಶ್ನೆ ಒಂದೇ. ಕಣಿವೆಯ ಹೆಸರು ಹೇಳಿ ಬಾಟಲಿ ಮಾರುವಾಗ ಆ ಕಣಿವೆಯ ರೈತನ ಪಾಲು ಎಷ್ಟು ಅಂತ ಯಾವ ಕಾಗದದಲ್ಲಿ ಬರೆದಿದೆ?

ಡಂಕೆಲ್ ಕರಡಿನ ವಿರುದ್ಧ 1990ರ ದಶಕದಲ್ಲಿ ನಂಜುಂಡಸ್ವಾಮಿಯವರು ಊರೂರು ತಿರುಗಿ ಕೂಗಿದಾಗ ಪೇಟೆಯವರು ನಕ್ಕರು. ಆ ಕರಡೇ ಮುಂದೆ 1994ರ ಒಪ್ಪಂದವಾಯಿತು, 1995ರಿಂದ ಜಾರಿಗೆ ಬಂತು. ಅದರಲ್ಲಿ ಊರ ಹೆಸರಿನ ಬಗ್ಗೆ ಎರಡು ಕಲಮು ಇವೆ. 22ನೇ ಕಲಮು ಎಲ್ಲಾ ಪದಾರ್ಥಕ್ಕೆ. ಜನ ಮೋಸ ಹೋಗುತ್ತಾರೆ ಅಂತ ತೋರಿಸಿಕೊಟ್ಟರೆ ಮಾತ್ರ ರಕ್ಷಣೆ. 23ನೇ ಕಲಮು ವೈನಿಗೆ ಮತ್ತು ಬ್ರಾಂದಿ, ವಿಸ್ಕಿಯಂಥ ಮದ್ಯಕ್ಕೆ ಮಾತ್ರ. ಅಲ್ಲಿ ಮೋಸ ತೋರಿಸಬೇಕಾಗಿಲ್ಲ, "ಅದರಂಥದ್ದು" "ಆ ಬಗೆಯದ್ದು" ಅಂತ ಸೇರಿಸಿ ಬರೆದರೂ ತಪ್ಪು. ನೋಡಿದಿರಾ ನ್ಯಾಯ? ಅವರ ವೈನಿಗೆ ಕೋಟೆ, ನಮ್ಮ ಅಕ್ಕಿಗೆ, ಬಾಳೆಗೆ, ಮೆಣಸಿನಕಾಯಿಗೆ ಬೇಲಿ. ಇದು ಸಾಲದು ಅಂತ 2022ರಲ್ಲಿ ಆಸ್ಟ್ರೇಲಿಯಾ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ದುಬಾರಿ ವೈನಿನ ಮೇಲಿದ್ದ 150 ಪರ್ಸೆಂಟ್ ಆಮದು ಸುಂಕವನ್ನು ಹಂತ ಹಂತವಾಗಿ ಇಳಿಸಲು ನಮ್ಮ ಸರ್ಕಾರ ಒಪ್ಪಿತು. ಇಂದು ದ್ರಾಕ್ಷಿ ಹಾಕುವವನು ನಾಳೆ ಯಾರ ಜೊತೆ ಪೈಪೋಟಿ ಮಾಡಬೇಕು ಅಂತ ಈಗಲೇ ಯೋಚಿಸಲಿ.

ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ

ಎಲ್ಲಾ ತಪ್ಪನ್ನೂ ಕಂಪನಿ ಮೇಲೆ ಹಾಕಿ ಕೂರುವುದು ಸುಲಭ. ನಮ್ಮ ಮನೆ ನೋಡಿಕೊಳ್ಳೋಣ. ನಮಗೂ ಒಂದು ಹೆಸರಿತ್ತು. ಮಂಡ್ಯದ ಬೆಲ್ಲ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಾಟು ಬೆಲ್ಲ ಅಂತ ಬಗೆಬಗೆ. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿದ್ದರೆ ಅರ್ಧ ಮೈಲಿಗೆ ಗಮ್ಮೆನ್ನುತ್ತಿತ್ತು. ಯಾವ ಗದ್ದೆ ಕಬ್ಬು, ಯಾರ ಪಾಕ ಅಂತ ಬಾಯಿಗೆ ಹಾಕಿಕೊಂಡು ಹೇಳುವ ಹಿರಿಯರಿದ್ದರು. ಚೌಳು ನೆಲದ ಕಬ್ಬಿನ ಬೆಲ್ಲ ಉಪ್ಪುಪ್ಪು, ಕೆಂಪು ನೆಲದ್ದು ರುಚಿ. ಫ್ರಾನ್ಸಿನವನು ವೈನಿನ ಬಗ್ಗೆ ಹೇಳುವುದೂ ಇದನ್ನೇ. ನಮ್ಮಲ್ಲಿ ಆ ನಾಲಿಗೆ ಇತ್ತು.

ನಾವು ಏನು ಮಾಡಿದೆವು? ವ್ಯಾಪಾರಿ ಬೆಳ್ಳಗಿರಲಿ ಅಂದ, ನಾವು ಹೈಡ್ರೋಸ್ ಸುರಿದೆವು. ಕೆಲವು ಆಲೆಮನೆಗಳಲ್ಲಿ ಅಗ್ಗದ ಸಕ್ಕರೆ ತಂದು ಕಬ್ಬಿನ ಹಾಲಿಗೆ ಬೆರೆಸಿದರು. 1907ರಲ್ಲಿ ಫ್ರಾನ್ಸಿನ ವ್ಯಾಪಾರಿ ವೈನಿಗೆ ಬೆರೆಸಿದ್ದೂ ಸಕ್ಕರೆಯೇ. ಅಲ್ಲಿ ರೈತರು ಅದರ ವಿರುದ್ಧ ಎದ್ದರು. ಇಲ್ಲಿ ನಮ್ಮವರೇ ಕೆಲವರು ಬೆರೆಸಿದರು, ಉಳಿದ ನಾವು ನೋಡಿಕೊಂಡು ಸುಮ್ಮನಿದ್ದೆವು. ಶುದ್ಧ ಬೆಲ್ಲ ಮಾಡಿದವನಿಗೂ, ಕಲಬೆರಕೆ ಮಾಡಿದವನಿಗೂ ಮಾರುಕಟ್ಟೆಯಲ್ಲಿ ಒಂದೇ ಬೆಲೆ ಆಯಿತು. ಆಗ ಶುದ್ಧವಾಗಿ ಮಾಡುವವನು ಯಾಕೆ ಮಾಡುತ್ತಾನೆ? ಒಂದೊಂದೇ ಆಲೆಮನೆ ತಣ್ಣಗಾಯಿತು. ಈಗ ಸರ್ಕಾರ ಒಂದು ಜಿಲ್ಲೆಗೆ ಒಂದು ಉತ್ಪನ್ನ ಅಂತ ಮಂಡ್ಯಕ್ಕೆ ಬೆಲ್ಲವನ್ನೇ ಗುರುತಿಸಿದೆ. ಬೋರ್ಡು ಹಾಕಿದರೆ ಸಾಲದು. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿಯಿಲ್ಲ ಅನ್ನುವಂತಾಗಬಾರದು.

ನಂಜನಗೂಡು ರಸಬಾಳೆಯನ್ನೂ ನೆನೆಯಿರಿ. ಜಿಐ ಗುರುತು ಸಿಕ್ಕಿತು. ಆದರೆ ಅಷ್ಟು ಹೊತ್ತಿಗೆ ಸೊರಗು ರೋಗಕ್ಕೆ ತೋಟಗಳೇ ಕರಗಿದ್ದವು. ಹೆಸರಿಗೆ ರಕ್ಷಣೆ ಸಿಕ್ಕಿತು, ಬೆಳೆಗೆ ಸಿಗಲಿಲ್ಲ. ನಮ್ಮ ತೋಟಗಾರಿಕೆ ಬೆಳೆಗಳ ಪೈಕಿ ಹಲವಕ್ಕೆ ಜಿಐ ಅರ್ಜಿ ಹಾಕಿದ್ದು ಬೆಳೆಗಾರರ ಸಂಘ ಅಲ್ಲ, ಇಲಾಖೆ. 1999ರ ಕಾಯ್ದೆ ಪ್ರಕಾರ ಹೆಸರು ದಾಖಲಾದ ಮೇಲೆ ಒಬ್ಬೊಬ್ಬ ರೈತನೂ ಅಧಿಕೃತ ಬಳಕೆದಾರ ಅಂತ ಬೇರೆ ಅರ್ಜಿ ಕೊಟ್ಟು ಸೇರಿಕೊಳ್ಳಬೇಕು. ಎಷ್ಟು ಜನ ಬಾಳೆ, ವೀಳ್ಯದೆಲೆ ಬೆಳೆಗಾರರಿಗೆ ಈ ವಿಷಯ ಗೊತ್ತಿದೆ? ಕಾಗದ ಚೆನ್ನೈ ಕಚೇರಿಯಲ್ಲಿ ಇದೆ, ರೈತ ಸಂತೆಯಲ್ಲಿದ್ದಾನೆ.

ಕಂಪನಿ ಮಾಡಿದರೆ ವೈನ್, ರೈತ ಇಳಿಸಿದರೆ ಕೇಸು

ಇನ್ನೊಂದು ಮಾತು ಹೇಳದೆ ಮುಂದೆ ಹೋದರೆ ನನ್ನ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಮಳವಳ್ಳಿ, ಮದ್ದೂರು, ಚನ್ನಪಟ್ಟಣ ಎಲ್ಲಾ ತೆಂಗಿನ ನಾಡು. ನಮ್ಮ ಮರದಲ್ಲೇ ರಸ ಇದೆ. ಹೊತ್ತಿಗೆ ಮುಂಚೆ ಇಳಿಸಿದರೆ ನೀರಾ, ಅಮಲಿಲ್ಲದ ಸಿಹಿ ಪಾನೀಯ. ತೆಂಗಿಗೆ ನುಸಿ ಪೀಡೆ ಬಂದು ಕಾಯಿ ಕೆಟ್ಟಾಗ ನೀರಾ ಇಳಿಸಿ ಬದುಕಿಕೊಳ್ಳುತ್ತೇವೆ ಅಂತ ರೈತರು ಕೇಳಿದರು. ಏನಾಯಿತು? 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ರೈತರ ಹೆಣ ಬಿತ್ತು. ನೀರಾಕ್ಕೆ ಅನುಮತಿ ಕೊಡುವ ನಿಯಮ ಬರಲು ಒಂದೂವರೆ ದಶಕ ಬೇಕಾಯಿತು. ಅದೂ ಲೈಸೆನ್ಸು, ಫೆಡರೇಷನ್ನು, ಅಬಕಾರಿ ಇಲಾಖೆ ಅಂತ ನೂರೆಂಟು ಕಟ್ಟಳೆ.

2007ನೇ ಇಸವಿ ತಗೊಳ್ಳಿ. ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆಗಬೇಕಾದ್ದೇ, ನಾನು ಸ್ವಾಗತಿಸಿದವನು. ಅದೇ ವರ್ಷ ವೈನ್ ಕಾರ್ಖಾನೆಗೆ ಪ್ರೋತ್ಸಾಹದ ನೀತಿ ಬಂತು. ಬಂಡವಾಳ ಇದ್ದವನು ಹಣ್ಣಿನ ರಸ ಹುಳಿಸಿದರೆ ಉದ್ಯಮ, ಮರದ ಒಡೆಯ ಮಡಕೆ ಕಟ್ಟಿದರೆ ಅಪರಾಧ. ಸಣ್ಣ ಪ್ರಮಾಣದಲ್ಲಿ, ಊರ ಹೆಸರಿನಲ್ಲಿ, ರೈತನೇ ಮಾಡಿ ರೈತನೇ ಮಾರುವ ಪದಾರ್ಥಕ್ಕೆ ನಮ್ಮ ಕಾನೂನಿನಲ್ಲಿ ಜಾಗವೇ ಇಲ್ಲದಂತಾಗಿದೆ. ಫ್ರಾನ್ಸಿನಲ್ಲಿ 1901ರಲ್ಲೇ ಮರೋಸಾಂ ಎಂಬ ಹಳ್ಳಿಯ ಬೆಳೆಗಾರರು ಸೇರಿ ಸಹಕಾರಿ ವೈನ್ ಮಾರಾಟ ಸಂಘ ಕಟ್ಟಿದರು. ನಾವು ಹಾಲಿನಲ್ಲಿ ಡೇರಿ ಕಟ್ಟಿ ತೋರಿಸಿದ್ದೇವೆ. ಬೆಲ್ಲದಲ್ಲಿ, ನೀರಾದಲ್ಲಿ, ಹಣ್ಣಿನ ರಸದಲ್ಲಿ ಯಾಕೆ ಆಗುವುದಿಲ್ಲ?

ಹಾಗಾದರೆ ದ್ರಾಕ್ಷಿ ಹಾಕಬೇಕೋ, ಬೇಡವೋ?

ನನ್ನ ಸೋದರತ್ತೆ ಮಗ ಕೇಳುವುದು ಇದನ್ನೇ. "ಭಾವ, ಭಾಷಣ ಬೇಡ, ಹಾಕಲೋ ಬೇಡವೋ ಹೇಳು" ಅಂತ. ಹಾಕಬೇಡ ಅಂತ ನಾನು ಹೇಳುವುದಿಲ್ಲ. ಕಬ್ಬು ನಮ್ಮನ್ನು ಉದ್ಧಾರ ಮಾಡಿಬಿಟ್ಟಿದೆ ಅನ್ನಲು ನನಗೆ ಬಾಯಿಲ್ಲ. 1933ರಲ್ಲಿ ಹುಟ್ಟಿದ ಮೈಷುಗರ್ ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು 2022ರಲ್ಲಿ ಮತ್ತೆ ಶುರುವಾದದ್ದು ನಮ್ಮ ಕಣ್ಣ ಮುಂದೆಯೇ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲ ತಾಳಲಾರದೆ ಜೀವ ಕಳೆದುಕೊಂಡದ್ದನ್ನು ಯಾರು ಮರೆಯುತ್ತಾರೆ? ಕಬ್ಬಿಗೆ ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಟನ್ನಿಗೆ 3,550 ರೂಪಾಯಿ ಅಂದಿತು. ಆದರೆ ಅದು 10.25 ಪರ್ಸೆಂಟ್ ಇಳುವರಿಗೆ. ಇಳುವರಿ ಅಳೆಯುವವರು ಯಾರು? ಕಾರ್ಖಾನೆಯವರು. ತೂಗುವವರು ಯಾರು? ಅವರೇ. 1966ರ ಆದೇಶದ ಪ್ರಕಾರ 14 ದಿನದಲ್ಲಿ ದುಡ್ಡು ಕೊಡಬೇಕು, ತಪ್ಪಿದರೆ 15 ಪರ್ಸೆಂಟ್ ಬಡ್ಡಿ. ಆ ಬಡ್ಡಿ ಎಣಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ?

ದ್ರಾಕ್ಷಿಯಲ್ಲೂ ಇದೇ ಆಗುವುದು. ಅಲ್ಲಿ ಹಣ್ಣಿನ ಸಕ್ಕರೆ ಅಂಶ ಅಳೆಯುತ್ತಾರೆ. ಅಳೆಯುವ ಯಂತ್ರ ಅವರ ಕೈಯಲ್ಲಿ. ಕಬ್ಬಿಗಾದರೆ ಸರ್ಕಾರದ ಒಂದು ದರ ಅಂತ ಇದೆ, ವೈನ್ ದ್ರಾಕ್ಷಿಗೆ ಅದೂ ಇಲ್ಲ. ಕಬ್ಬಾದರೆ ಕಾರ್ಖಾನೆ ಬೇಡ ಅಂದರೆ ಆಲೆಮನೆಗೆ ಹೊಡೆಯಬಹುದು. ವೈನ್ ದ್ರಾಕ್ಷಿ ಸಣ್ಣ ಹಣ್ಣು, ತುಂಬ ಬೀಜ, ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಕಂಪನಿ ಬೇಡ ಅಂದ ದಿನ ತಿಪ್ಪೆಗೆ ಹಾಕಬೇಕು. ಕಲ್ಲುಕಂಬ, ತಂತಿ, ಹನಿ ಕೊಳವೆ, ಔಷಧಿ ಎಲ್ಲಾ ಮೊದಲೇ ಸುರಿಯಬೇಕು, ಸರಿಯಾದ ಫಸಲಿಗೆ ಎರಡು ಮೂರು ವರ್ಷ ಕಾಯಬೇಕು. ಆ ವರ್ಷಗಳಲ್ಲಿ ಬಡ್ಡಿ ಕಾಯುವುದಿಲ್ಲ. 2020ರಲ್ಲಿ ಬಂದ ಮೂರು ಕಾನೂನುಗಳಲ್ಲಿ ಒಂದು ಕರಾರು ಕೃಷಿಯದೇ ಆಗಿತ್ತು. ತಕರಾರು ಬಂದರೆ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ ಅಂತ ಅದರಲ್ಲಿತ್ತು. ದೆಹಲಿ ಗಡಿಯಲ್ಲಿ ರೈತರು ವರ್ಷ ಪೂರ್ತಿ ಕೂತಿದ್ದರಿಂದ 2021ರಲ್ಲಿ ಅದು ರದ್ದಾಯಿತು. ಕಾನೂನು ಹೋಯಿತು, ಕರಾರಿನ ಕಾಗದ ಹಿಡಿದು ಬರುವವರು ಹೋಗಿಲ್ಲ.

ಆದ್ದರಿಂದ ಸಹಿ ಹಾಕುವ ಮೊದಲು ಈ ಮಾತುಗಳನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಿ.

ಒಂದು, ಕೇಜಿಗೆ ಕನಿಷ್ಠ ಬೆಲೆ ಎಷ್ಟು ಅಂತ ಅಂಕಿಯಲ್ಲಿ ಇರಬೇಕು. ಖರ್ಚಿನ ಲೆಕ್ಕ ಹಾಕಿ, ಮನೆಯವರ ಕೂಲಿ, ಭೂಮಿಯ ಗುತ್ತಿಗೆ, ಸಾಲದ ಬಡ್ಡಿ ಸೇರಿಸಿ ಆ ಬೆಲೆ ಕಟ್ಟಬೇಕು. "ಆವಾಗಿನ ಕ್ವಾಲಿಟಿ" ಅನ್ನುವುದು ಬೆಲೆ ಅಲ್ಲ.

ಎರಡು, ತೂಕವೂ ಸಕ್ಕರೆ ಅಂಶದ ಅಳತೆಯೂ ತೋಟದಲ್ಲೇ, ರೈತನ ಎದುರಿಗೇ ಆಗಬೇಕು. ದುಡ್ಡು 14 ದಿನದೊಳಗೆ.

ಮೂರು, ಸಾಲ ರೈತನ ಪಹಣಿ ಮೇಲೆ ಮಾತ್ರ ಕೂರಬಾರದು. ಹಣ್ಣು ಬೇಡ ಅಂತ ಕಂಪನಿ ಕೈಬಿಟ್ಟರೆ ಆ ಸಾಲಕ್ಕೆ ಕಂಪನಿಯೂ ಹೊಣೆ.

ನಾಲ್ಕು, ಶಿವನಸಮುದ್ರ, ಗಗನಚುಕ್ಕಿ, ಕಾವೇರಿ ಕಣಿವೆ ಇಂಥ ಹೆಸರನ್ನು ಬಾಟಲಿಗಾಗಲಿ ಡಬ್ಬಕ್ಕಾಗಲಿ ಹಾಕುವುದಾದರೆ ಅದು ಬೆಳೆಗಾರರ ಸಂಘದ ಹೆಸರಿನಲ್ಲಿ ದಾಖಲಾಗಬೇಕು. ಎಲ್ಲೆ ಗೆರೆ ಎಳೆಯುವಾಗ ಎರಡೂ ದಡದ ರೈತರು, ಮಂಡ್ಯ ಕಡೆಯವರು, ಕೊಳ್ಳೇಗಾಲ ಕಡೆಯವರು ಕೂತಿರಬೇಕು. ಓಬ್ ಜಿಲ್ಲೆಯವರ ಗತಿ ನಮಗೆ ಬೇಡ.

ಇವಿಷ್ಟಕ್ಕೂ ಒಪ್ಪಿದರೆ ಹಾಕಿ, ಅದೂ ಇರುವ ಭೂಮಿಯಲ್ಲಿ ಕಾಲು ಭಾಗ ಮೀರದಂತೆ. ಒಪ್ಪದಿದ್ದರೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿ.

ಸರ್ಕಾರದ ಮುಂದೆ ಇಡಬೇಕಾದ್ದು ಬೇರೆ. ವೈನಿಗೆ ಕೊಟ್ಟ ಪ್ರೋತ್ಸಾಹವನ್ನು ನೀರಾಕ್ಕೂ, ಸಣ್ಣ ಆಲೆಮನೆಗೂ ಕೊಡಲಿ. ಬೆಲ್ಲಕ್ಕೆ ಊರ ಹೆಸರಿನ ಮುದ್ರೆ ಬರಲಿ, ಸಕ್ಕರೆ ಬೆರೆಸಿದವನಿಗೆ ಆ ಮುದ್ರೆ ಸಿಗದಿರಲಿ. ಈ ಕೆಲಸವನ್ನು ಸರ್ಕಾರ ಮಾಡಲಿ ಅಂತ ಕಾಯದೆ ನಾವೇ ಶುರು ಮಾಡಬಹುದು. ಒಂದು ಹೋಬಳಿಯಲ್ಲಿ ಹತ್ತು ಆಲೆಮನೆಯವರು ಸೇರಿ, ಹೈಡ್ರೋಸ್ ಹಾಕಲ್ಲ, ಸಕ್ಕರೆ ಬೆರೆಸಲ್ಲ ಅಂತ ಊರ ದೇವರ ಮುಂದೆ ಮಾತು ಕೊಟ್ಟು, ಒಬ್ಬರ ಬೆಲ್ಲವನ್ನು ಇನ್ನೊಬ್ಬರು ಪರೀಕ್ಷೆ ಮಾಡುವ ಕಟ್ಟುಪಾಡು ಹಾಕಿಕೊಂಡರೆ ಅದೇ ನಮ್ಮ ಮೊದಲ ಗೆರೆ.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ ಅನ್ನುತ್ತಾರೆ. ನಮ್ಮೂರ ಹೆಸರು ಕಟ್ಟಿದ್ದು ಕಾವೇರಿ ನೀರು, ನಮ್ಮ ಹಿರಿಯರ ದುಡಿಮೆ. ಒಳಗೆ ಸೇರಿಕೊಳ್ಳಲು ಬಂದವರ ಕೈಯಲ್ಲಿ ಕಾಗದ ಇದೆ. ನಮ್ಮ ಕೈಯಲ್ಲೂ ಒಂದು ಕಾಗದ ಇರಲಿ. ಈ ಲೇಖನವನ್ನು ನಿಮ್ಮೂರ ಕಟ್ಟೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ತಪ್ಪಿದ್ದರೆ ತಿದ್ದಿ. ಮುಂದಿನ ಸಂಘದ ಸಭೆಗೆ ಬರುವಾಗ ಎಕರೆ ಖರ್ಚಿನ ಲೆಕ್ಕ ಬರೆದುಕೊಂಡು ಬನ್ನಿ. ನನ್ನ ಸೋದರತ್ತೆ ಮಗ ಸಹಿ ಹಾಕುವುದನ್ನು ಆ ಸಭೆಯವರೆಗೆ ಮುಂದಕ್ಕೆ ಹಾಕಿದ್ದಾನೆ. ನಿಮ್ಮೂರಲ್ಲೂ ಯಾರಾದರೂ ಪೆನ್ನು ಹಿಡಿದು ಕೂತಿದ್ದರೆ, ಸ್ವಲ್ಪ ತಾಳಪ್ಪಾ ಅನ್ನಿ.